ಲಕಾರದ ಕೊಂಬು

ಆ ಮಾಸಪತ್ರಿಕೆಯ ಕಚೇರಿಯಲ್ಲಿ ಆಕೆಗೆ ಭೂತಗನ್ನಡಿ ಎಂದೇ ಹೆಸರು. ಎದುರಿಗಿದ್ದಾಗ ಮೇಡಂ, ಬೆನ್ನು ತಿರುಗಿಸಿದ ಕೂಡಲೇ ಭೂತಗನ್ನಡಿ. ಇದು ಆಕೆಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಕರಡು ತಿದ್ದುವವಳಿಗೆ ಇದಕ್ಕಿಂತ ಒಳ್ಳೆಯ ಬಿರುದನ್ನು ಯಾರು ತಾನೇ ಕೊಟ್ಟಾರು? ಅಚ್ಚಿಗೆ ಹೋಗುವ ಪ್ರತಿ ಪುಟವೂ ಆಕೆಯ ಮೇಜನ್ನು ದಾಟಿಯೇ ಹೋಗಬೇಕು. ಕೆಂಪು ಪೆನ್ನು ಆಡಿಸಲು ಜಾಗವೇ ಸಿಗದ ಪುಟ ಬಂದರೆ ಆಕೆಗೆ ಖುಷಿಯಾಗುತ್ತಿರಲಿಲ್ಲ, ಅನುಮಾನವಾಗುತ್ತಿತ್ತು.

ಆಕೆ ಕೂರುತ್ತಿದ್ದದ್ದು ಎರಡನೆಯ ಮಹಡಿಯ ಮೂಲೆ ಕೋಣೆಯಲ್ಲಿ. ಒಂದು ಕಡೆ ಹಳೆಯ ಸಂಚಿಕೆಗಳ ಕಪಾಟು, ಇನ್ನೊಂದು ಕಡೆ ಪಕ್ಕದ ಕಟ್ಟಡದ ಗೋಡೆಯನ್ನಷ್ಟೇ ತೋರಿಸುವ ಕಿಟಕಿ, ನಡುವೆ ಮೇಜು, ಮೇಜಿನ ಮೇಲೆ ಕುತ್ತಿಗೆ ಬಗ್ಗಿಸಿದ ದೀಪ. ಆಕೆಯ ಕೆಲಸದ ರೀತಿಯೇ ಬೇರೆ. ಕಥೆಯಾಗಲಿ, ಲೇಖನವಾಗಲಿ, ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದಳು. ಕೊನೆಯ ಪದ ಮೊದಲು, ಮೊದಲ ಪದ ಕೊನೆಗೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವರಿಗೆಲ್ಲ ಆಕೆಯ ಉಪದೇಶ ಒಂದೇ. ಅರ್ಥ ಎನ್ನುವುದು ಕಣ್ಣಿಗೆ ಮಣ್ಣೆರಚುವ ಕಳ್ಳ, ಓದಿದ್ದು ಅರ್ಥವಾಗುತ್ತಿದೆ ಎಂದರೆ ಕಣ್ಣು ಕೆಲಸ ಬಿಟ್ಟು ಕೂತಿದೆ ಎಂದೇ ಲೆಕ್ಕ. ಹೀಗಾಗಿ ಸಾವಿರಾರು ಕಥೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಆ ಮಹಾತಾಯಿಗೆ ಒಂದು ಕಥೆಯೂ ಗೊತ್ತಿರಲಿಲ್ಲ. ಹೋದ ತಿಂಗಳ ಕಥೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ, "ಎರಡು ಒತ್ತಕ್ಷರ ಬಿಟ್ಟುಹೋಗಿತ್ತು, ಹಾಕ್ದೆ" ಎನ್ನುತ್ತಿದ್ದಳು.

ಮನೆಯಲ್ಲಿ ಇದ್ದದ್ದು ಆಕೆ ಮತ್ತು ಅಕ್ಕ, ಇಬ್ಬರೇ. ಬೀಗದ ಕೈ ಮಾಡಿಕೊಡುವವನ ಅಂಗಡಿಯ ಮೇಲಿನ ಎರಡು ಕೋಣೆಗಳು. ಅಕ್ಕ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತಳಾದವಳು, ಮಂಡಿ ನೋವಿನಿಂದ ಮೆಟ್ಟಿಲಿಳಿಯುವುದನ್ನೇ ಬಿಟ್ಟವಳು. ತಂಗಿ ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಅಕ್ಕನ ಹತ್ತಿರ ಉತ್ತರ ಸಿದ್ಧವಾಗಿರುತ್ತಿತ್ತು. ಇವಳನ್ನು ಮೆಚ್ಚಿದವನೊಬ್ಬ ಪತ್ರ ಬರೆದನಂತೆ, ಇವಳು ಅದರಲ್ಲಿ ಐದು ತಪ್ಪು ಗುರುತಿಸಿ ವಾಪಸು ಕಳಿಸಿದಳಂತೆ. ತಂಗಿ ಇದನ್ನು ಅಲ್ಲಗಳೆಯುತ್ತಿದ್ದಳು. ಐದಲ್ಲ, ಮೂರು.

ಮೂವತ್ತೆರಡು ವರ್ಷದ ಕೆಲಸದಲ್ಲಿ ಆಕೆಗೆ ಒಂದೇ ಹೆಮ್ಮೆ. ತನ್ನಿಂದಾಗಿ ಪತ್ರಿಕೆ ಒಂದೇ ಒಂದು ತಿದ್ದುಪಡಿಯನ್ನೂ ಅಚ್ಚು ಹಾಕಬೇಕಾಗಿ ಬಂದಿರಲಿಲ್ಲ. ಬೇರೆ ಪತ್ರಿಕೆಗಳಲ್ಲಿ ಮೂಲೆಯಲ್ಲಿ ಬರುವ "ಹೋದ ಸಂಚಿಕೆಯಲ್ಲಿ ತಪ್ಪಾಗಿ ಮುದ್ರಿತವಾಗಿದೆ" ಎಂಬ ಸಾಲುಗಳನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಹೆಸರು, ದುಡ್ಡು, ಬಡ್ತಿ ಯಾವುದೂ ಬರದ ಕೆಲಸದಲ್ಲಿ ಆ ಹೆಮ್ಮೆಯೊಂದು ಇಲ್ಲದಿದ್ದರೆ ಮನುಷ್ಯ ಇಷ್ಟು ವರ್ಷ ಹೇಗೆ ಕೂರಬೇಕು?

ಕರಡು ತಿದ್ದುವುದರ ಜೊತೆಗೆ ಓದುಗರ ಪತ್ರಗಳನ್ನು ಒಡೆದು ವಿಂಗಡಿಸುವುದೂ ಆಕೆಯ ಪಾಲಿಗೇ ಬಂದಿತ್ತು. ಪತ್ರಗಳನ್ನು ಚೀಲದಲ್ಲಿ ಮನೆಗೆ ತಂದು, ಸಂಜೆ ಅಕ್ಕನಿಗೆ ಓದಿ ಹೇಳುತ್ತ, ಹಾಕುವುದು ಒಂದು ಕಡೆ, ಬಿಡುವುದು ಒಂದು ಕಡೆ ಇಡುತ್ತಿದ್ದಳು. ಆ ಚೀಲದಲ್ಲಿ ಅತಿ ಹೆಚ್ಚು ಬೈಗುಳ ಬರುತ್ತಿದ್ದದ್ದು ಲಿಫ್ಟಪ್ಪನಿಗೆ.

ಲಿಫ್ಟಪ್ಪ ಎಂದರೆ ಪತ್ರಿಕೆಯ ವಿಜ್ಞಾನ ಕಥೆಗಾರ. ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ, ಉಳಿದ ಹೊತ್ತಿನಲ್ಲಿ ಬೇರೆ ಗ್ರಹಗಳ ಸಂಚಾರ. ಒಂದು ತಿಂಗಳು ಕಥೆ, ಒಂದು ತಿಂಗಳು ಪ್ರಬಂಧ. ಹಾಳೆಯ ಅಂಚಿನಲ್ಲಿ ಗ್ರೀಸಿನ ಬೆರಳಚ್ಚು ಇಲ್ಲದ ಹಸ್ತಪ್ರತಿಯನ್ನು ಆತ ಎಂದೂ ಕೊಟ್ಟವನಲ್ಲ. ಜನ ಲಿಫ್ಟಿನ ಗುಂಡಿಯನ್ನು ಯಾಕೆ ಎರಡೆರಡು ಸಲ ಒತ್ತುತ್ತಾರೆ ಎಂದು ಒಂದು ಪ್ರಬಂಧ ಬರೆದಿದ್ದ. ಚಂದ್ರನ ತನಕ ಲಿಫ್ಟ್ ಹಾಕಿದರೆ ಒಳಗಿರುವವರು ಎಷ್ಟನೆಯ ದಿನಕ್ಕೆ ಜಗಳ ಶುರುಮಾಡುತ್ತಾರೆ ಎಂದು ಇನ್ನೊಂದು. ಅದಕ್ಕೆ ಬಂದ ಕಾರ್ಡು ಹೀಗಿತ್ತು: ಚಂದ್ರನ ಸುದ್ದಿ ಆಮೇಲೆ ನೋಡೋಣ, ನೀವು ನೋಡಿಕೊಳ್ಳುವ ನಮ್ಮ ಕಟ್ಟಡದ ಲಿಫ್ಟ್ ಹದಿನೈದು ದಿನದಿಂದ ನಾಲ್ಕನೆಯ ಮಹಡಿಯಲ್ಲೇ ನಿಂತಿದೆ.

ಕಥೆ ಮೆಚ್ಚಿದವರು ಪ್ರಬಂಧ ಒಣ ಎನ್ನುತ್ತಿದ್ದರು. ಪ್ರಬಂಧ ಮೆಚ್ಚಿದ ಇಬ್ಬರೋ ಮೂವರೋ ಕಥೆಗಳಲ್ಲಿ ಮನುಷ್ಯರಿಗಿಂತ ಸ್ಕ್ರೂಗಳೇ ಹೆಚ್ಚು ಎನ್ನುತ್ತಿದ್ದರು. ಔಷಧಿ ಅಂಗಡಿಯವರೊಬ್ಬರು ಪ್ರತಿ ಸಲವೂ ಗ್ರಹಗಳ ದೂರ ತಪ್ಪಾಗಿದೆ ಎಂದು ಬರೆದು, ಮುಂದಿನ ಕಾರ್ಡಿನಲ್ಲಿ ತಮ್ಮ ಲೆಕ್ಕವೇ ತಪ್ಪು, ಕ್ಷಮಿಸಿ ಎನ್ನುತ್ತಿದ್ದರು. ಎಲ್ಲರಿಗಿಂತ ಖಡಕ್ಕಾಗಿ ಬರೆಯುತ್ತಿದ್ದವರು ನಿವೃತ್ತ ಹೆಡ್‌ಮಾಸ್ಟರೊಬ್ಬರು. ಆಕ್ಷೇಪಣೆಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕಿ, ಕೊನೆಯಲ್ಲಿ ಲೇಖಕರಿಗೆ ಹತ್ತಕ್ಕೆ ಎರಡೋ ಮೂರೋ ಅಂಕ ಕೊಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಸಂಪಾದಕರಿಗೂ ಸಾಕಾಗಿಹೋಗಿತ್ತು. ಬಂದಿರುವ ಕಥೆಯೊಂದನ್ನು ಹಾಕಿ ಲಿಫ್ಟಪ್ಪನಿಗೆ ಕೈಮುಗಿದುಬಿಡೋಣ ಎಂದು ತೀರ್ಮಾನಿಸಿದ್ದರು.

ಕೊನೆಯದಾಗಬೇಕಿದ್ದ ಆ ಕಥೆ ಒಬ್ಬ ಗಣಿ ಕೆಲಸಗಾರನದು. ಗಾಳಿಯಿಲ್ಲದ ಯಾವುದೋ ಗ್ರಹ. ಅವನ ಒಂದು ಕಾಲು ಯಂತ್ರದ್ದು, ಬ್ಯಾಟರಿಯಿಂದ ನಡೆಯುವಂಥದ್ದು. ಸಿಗ್ನಲ್ ಕಂಬ ಕೆಟ್ಟಿದೆ, ಸರಿಮಾಡದಿದ್ದರೆ ಉಳಿದವರನ್ನು ಕರೆದೊಯ್ಯುವ ಹಡಗು ಬರುವುದಿಲ್ಲ. ಅವನು ನಡೆದು ಹೋಗುತ್ತಾನೆ, ಕಂಬ ಸರಿಮಾಡುತ್ತಾನೆ, ಖಾಲಿಯಾಗುತ್ತಿರುವ ಬ್ಯಾಟರಿಯ ಮೇಲೆ ಒಂದು ಕಣ್ಣಿಟ್ಟು ಹಿಂದಿರುಗುತ್ತಾನೆ. ಪತ್ರಿಕೆಯಲ್ಲಿ ಅಚ್ಚಾದ ಕೊನೆಯ ಎರಡು ವಾಕ್ಯ ಇವು: "ಬಾಗಿಲಿಗೆ ಇನ್ನು ಮೂರೇ ಹೆಜ್ಜೆ ಇತ್ತು. ಅಲ್ಲಿಗೆ ಅವನ ಕಾಲ ನಿಂತಿತು."

ಪತ್ರಗಳು ಬಂದವು ನೋಡಿ! ಚೀಲ ಸಾಲದೆ ಅಕ್ಕನ ದಿಂಬಿನ ಗೌಸಿನಲ್ಲಿ ತುಂಬಬೇಕಾಯಿತು. "ಕಾಲ ನಿಂತಿತು" ಎಂಬ ಒಂದು ಮಾತಿಗೆ ಓದುಗರು ಮರುಳಾಗಿದ್ದರು. ಸಾವು ಎಂಬ ಪದವನ್ನೇ ಬಳಸದೆ ಸಾವನ್ನು ಹೇಳಿದ್ದಾರೆ ಎಂದು ಒಬ್ಬರು. ಅವನಿಗೊಬ್ಬನಿಗಲ್ಲ, ಇಡೀ ಗ್ರಹಕ್ಕೇ ಕಾಲ ನಿಂತಿದೆ ಎಂದು ಇನ್ನೊಬ್ಬರು. ಪಾಳಿ ಮುಗಿಸಿ ಬಸ್ಸಿನಲ್ಲಿ ಓದಿದ ನರ್ಸ್ ಒಬ್ಬಳು ಇಳಿಯಬೇಕಾದ ನಿಲ್ದಾಣ ದಾಟಿಹೋದಳಂತೆ. ಹೆಡ್‌ಮಾಸ್ಟರು ನಾಲ್ಕು ಪುಟ ಬರೆದು, ಸಂಖ್ಯೆ ಹಾಕುವುದನ್ನೇ ಮರೆತು, ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ಸಂಪಾದಕರು ಕೈಮುಗಿಯುವ ಮಾತು ಬಿಟ್ಟು ಲಿಫ್ಟಪ್ಪನಿಗೆ ತಿಂಗಳಿಗೆರಡು ಪುಟ ಹೆಚ್ಚು ಕೊಟ್ಟರು.

ಭೂತಗನ್ನಡಿ ಈ ಪತ್ರಗಳನ್ನು ಮೂರು ಸಂಜೆ ಅಕ್ಕನಿಗೆ ಓದಿದಳು. ಮೂರನೆಯ ಸಂಜೆ ಅಕ್ಕ ಮಂಡಿಗೆ ಎಣ್ಣೆ ತಿಕ್ಕುತ್ತ ಒಂದು ಮಾತು ಹೇಳಿದಳು.

"ಎಲ್ಲರೂ ಕಾಲ, ಕಾಲ ಅಂತ ಬಡ್ಕೋತಾರೆ. ಪಾಪ, ಆ ಮನುಷ್ಯನ ಕಾಲಿಗೆ ಏನಾಯ್ತು ಅಂತ ಒಬ್ಬರೂ ಕೇಳ್ಲಿಲ್ವಲ್ಲೇ. ಕಥೆ ಪೂರ್ತಿ ಕಾಲಿನದೇ ತಾನೆ?"

ತಂಗಿ ಕೈಯಲ್ಲಿದ್ದ ಪತ್ರವನ್ನು ಅರ್ಧಕ್ಕೇ ಮಡಿಸಿಟ್ಟಳು. ಮರುದಿನ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಹಸ್ತಪ್ರತಿಗಳ ಕಡತ ತೆಗೆದಳು. ಗ್ರೀಸಿನ ಬೆರಳಚ್ಚಿನ ಕೆಳಗೆ ದುಂಡಗೆ ಬರೆದಿತ್ತು: "ಅಲ್ಲಿಗೆ ಅವನ ಕಾಲು ನಿಂತಿತು." ಲಕಾರಕ್ಕೆ ಕೊಂಬು ಇತ್ತು, ಎದ್ದು ಕಾಣುವಂತೆ ಇತ್ತು. ಟೈಪ್ ಮಾಡುವಾಗ ಅದು ಬಿದ್ದುಹೋಗಿದೆ, ಕರಡಿನಲ್ಲಿ ತನ್ನ ಕಣ್ಣಿಗೆ ಬಿದ್ದಿಲ್ಲ. ಯಾಕೆ ಬೀಳಲಿಲ್ಲ ಎನ್ನುವುದೂ ಆಕೆಗೆ ಚೆನ್ನಾಗಿ ಗೊತ್ತಿತ್ತು, ಆದರೆ ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ನಾಚಿಕೆಯಾಯಿತು. ಸುತ್ತ ನೋಡಿ ಆ ಹಾಳೆಯನ್ನು ಕಡತದಿಂದ ತೆಗೆದು ಮನೆಗೆ ತಂದು ದಪ್ಪ ನಿಘಂಟಿನೊಳಗೆ ಇಟ್ಟಳು. ಕಳ್ಳತನವೆಂದರೆ ಕಳ್ಳತನವೇ. ಬಾಯಿ ಬಿಟ್ಟರೆ ತನ್ನ ಹೆಸರು ಮಣ್ಣುಪಾಲು, ಜೊತೆಗೆ ಆ ಲಿಫ್ಟಿನವನ ಹೊಸ ಹೆಸರೂ ಮಣ್ಣುಪಾಲು ಎಂದು ಸಮಾಧಾನ ಹೇಳಿಕೊಂಡಳು. ಎರಡನೆಯದು ಸ್ವಲ್ಪ ನಿಜ, ಮೊದಲನೆಯದು ಪೂರ್ತಿ ನಿಜ.

ಲಿಫ್ಟಪ್ಪ ಚಕಾರವೆತ್ತಲಿಲ್ಲ. ಆತ ತಾನು ಬರೆದದ್ದನ್ನು ಅಚ್ಚಾದ ಮೇಲೆ ಓದುವ ಪೈಕಿಯವನಲ್ಲ ಎಂದು ಆಕೆ ಅಂದುಕೊಂಡಳು. ಆದರೆ ಒಂದು ಬದಲಾವಣೆ ಕಂಡಿತು. ಅಂದಿನಿಂದ ಆತ ಹಸ್ತಪ್ರತಿಯನ್ನು ಸಂಪಾದಕರ ಕೈಗೆ ಕೊಡುವ ಬದಲು ಮೂಲೆ ಕೋಣೆಗೇ ಬಂದು, ಕೈ ಒರೆಸಿಕೊಂಡು, ಆಕೆಯ ಮೇಜಿನ ಮೇಲೆ ಇಟ್ಟು, "ನೀವೇ ನೋಡ್ಕೋಬೇಕು ಮೇಡಂ" ಎಂದು ಹೋಗತೊಡಗಿದ. ಹನ್ನೊಂದು ವರ್ಷ ಹೀಗೇ ನಡೆಯಿತು.

ಆಕೆಯ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಲಿಫ್ಟಪ್ಪನ ಆಯ್ದ ಕಥೆ, ಪ್ರಬಂಧಗಳ ಪುಸ್ತಕ ತರುವುದೆಂದು ಸಂಪಾದಕರು ಗೊತ್ತುಮಾಡಿದರು. ಕೊನೆಯಲ್ಲಿ ಓದುಗರ ಅಭಿಪ್ರಾಯಗಳನ್ನೂ ಸೇರಿಸಬೇಕು, ಆರಿಸುವ ಕೆಲಸ ಭೂತಗನ್ನಡಿಯದು. ಪುಸ್ತಕದ ಎರಡನೆಯ ಪುಟದಲ್ಲಿ ಕರಡು ತಿದ್ದಿದವರು ಎಂದು ಆಕೆಯ ಹೆಸರನ್ನೂ ಹಾಕಬೇಕೆಂದು ಲೇಖಕ ಹಟ ಹಿಡಿದಿದ್ದಾನೆ ಎಂಬ ಸುದ್ದಿ ಬಂತು. ಸಾವಿರಾರು ಜನರ ಹೆಸರನ್ನು ತಪ್ಪಿಲ್ಲದೆ ಅಚ್ಚು ಹಾಕಿಸಿದವಳ ಹೆಸರು ಒಂದು ಸಲವೂ ಅಚ್ಚಾಗಿರಲಿಲ್ಲ. ಆಕೆಗೆ ಸಂತೋಷವಾಯಿತು. ಯಾರಿಗೂ ತೋರಿಸಿಕೊಳ್ಳಲಿಲ್ಲ ಅಷ್ಟೆ.

ಮುನ್ನುಡಿಯ ಕರಡು ಬಂದದ್ದು ಒಂದು ಮಧ್ಯಾಹ್ನ. ಪದ್ಧತಿಯಂತೆ ಕೆಳಗಿನಿಂದ ಶುರುಮಾಡಿದಳು. "ಮಾಡಿದರು", "ಲೇಖಕನನ್ನಾಗಿ", "ನನ್ನನ್ನು", "ತೆಗೆದು", "ಕೊಂಬು" ಎಂದು ಒಂದೊಂದೇ ಪದ ಮೇಲೇರುತ್ತ ಹೋದಂತೆ ಕೈ ನಿಂತಿತು. ಮೇಲಿನಿಂದ ಓದಿದಳು. ಲಿಫ್ಟಪ್ಪ ಬರೆದಿದ್ದ: "ಈ ಪುಸ್ತಕದ ಅತ್ಯುತ್ತಮ ವಾಕ್ಯ ನನ್ನದಲ್ಲ, ಅದು ಕರಡು ತಿದ್ದಿದವರದು. ನಾನು ಕಾಲು ಎಂದು ಬರೆದಿದ್ದೆ. ಅವರು ಒಂದು ಕೊಂಬು ತೆಗೆದು ನನ್ನನ್ನು ಲೇಖಕನನ್ನಾಗಿ ಮಾಡಿದರು. ಹನ್ನೊಂದು ವರ್ಷ ಈ ಸಾಲವನ್ನು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ."

ಹಾಗಾದರೆ ಆತ ಓದಿದ್ದ. ಓದಿ, ಅದು ಆಕೆ ಬೇಕೆಂದೇ ಮಾಡಿದ್ದೆಂದು ತಿಳಿದಿದ್ದ. ಭೂತಗನ್ನಡಿಯ ಕಣ್ಣಿನಿಂದ ಒಂದು ಕೊಂಬು ತಪ್ಪಿಸಿಕೊಳ್ಳುವುದುಂಟೆ? ಆಕೆಯ ಖ್ಯಾತಿಯೇ ಆತನನ್ನು ದಾರಿ ತಪ್ಪಿಸಿತ್ತು.

ಸುಮ್ಮನಿದ್ದರೆ ಮುಗಿಯಿತು. ಆಕೆ ಒಂದು ಸುಳ್ಳನ್ನೂ ಹೇಳಬೇಕಾಗಿರಲಿಲ್ಲ, ಒಂದು ಪುಟಕ್ಕೆ ಸರಿ ಎಂದು ಗುರುತು ಹಾಕಿದರೆ ಸಾಕು, ತಪ್ಪು ಕೀರ್ತಿಯಾಗಿ ಅಚ್ಚಾಗುತ್ತಿತ್ತು. ಆಸೆಯಾಗಲಿಲ್ಲ ಎಂದರೆ ಅದು ಬರಿಯ ಸೋಗು. ಬಸ್ಸಿನಲ್ಲಿ ಮನೆ ತಲಪುವ ತನಕ ಆ ನಾಲ್ಕು ವಾಕ್ಯಗಳನ್ನು ಮನಸ್ಸಿನಲ್ಲೇ ಎಷ್ಟು ಸಲ ಓದಿಕೊಂಡಳೋ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ನಿಘಂಟಿನೊಳಗಿನ ಹಾಳೆಯನ್ನೂ ತೋರಿಸಿದಳು.

ಅಕ್ಕ ಹಾಳೆಯನ್ನು ತಿರುಗಿಸಿ ನೋಡಿ, "ಎಲ್ಲರಿಗೂ ತಪ್ಪಾಗುತ್ತೆ. ನಿನ್ನಿಂದ ಮಾತ್ರ ಆಗ್ಬಾರ್ದು ಅನ್ನೋಕೆ ನಿನಗೇನು ಕೊಂಬಿದ್ಯಾ?" ಎಂದಳು.

ಮಾತಿನಲ್ಲಿದ್ದ ತಮಾಷೆ ಅಕ್ಕನಿಗೇ ಹೊಳೆಯಲಿಲ್ಲ. ತಂಗಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಮರುದಿನ ಆಕೆ ಲಿಫ್ಟಪ್ಪ ಕೆಲಸ ಮಾಡುತ್ತಿದ್ದ ಕಟ್ಟಡ ಹುಡುಕಿಕೊಂಡು ಹೋದಳು. ಒಂಬತ್ತು ಮಹಡಿ, ಲಿಫ್ಟ್ ರಿಪೇರಿಯಲ್ಲಿದೆ ಎಂದು ಬೋರ್ಡು. ಆ ವಯಸ್ಸಿನಲ್ಲಿ ಮೆಟ್ಟಿಲು ಹತ್ತಿ ತಾರಸಿಯ ಮೇಲಿನ ಯಂತ್ರದ ಕೋಣೆ ಸೇರುವಷ್ಟರಲ್ಲಿ ಏದುಸಿರು. ಒಳಗೆ ಎಣ್ಣೆಯ ವಾಸನೆ, ಆಳೆತ್ತರದ ಚಕ್ರ, ಅದರ ಮೇಲಿಂದ ಇಳಿದು ನೆಲದ ತೂತಿನಲ್ಲಿ ಮಾಯವಾಗುವ ಉಕ್ಕಿನ ಹಗ್ಗಗಳು. ಆಕೆಯನ್ನು ಕಂಡು ಲಿಫ್ಟಪ್ಪ ಗಡಬಡಿಸಿ ಎದ್ದು, ಕೂರಲು ಉಪಕರಣಗಳ ಪೆಟ್ಟಿಗೆಯ ಮೇಲೆ ಹಳೆಯ ಪತ್ರಿಕೆ ಹಾಸಿದ. ಆಕೆ ಕೂರಲಿಲ್ಲ.

"ನಿಮ್ಮ ಮುನ್ನುಡಿಯಲ್ಲಿ ಒಂದು ತಪ್ಪಿದೆ" ಎಂದಳು.

"ತಿದ್ದಿಬಿಡಿ ಮೇಡಂ. ಅದಕ್ಕೆ ಇಷ್ಟು ಮೆಟ್ಟಿಲು ಹತ್ತಬೇಕಿತ್ತಾ?"

"ಇದು ಪೆನ್ನಲ್ಲಿ ತಿದ್ದೋ ತಪ್ಪಲ್ಲ. ಆ ಕೊಂಬು ನಾನು ತೆಗೀಲಿಲ್ಲ. ಟೈಪ್ ಮಾಡುವಾಗ ಬಿದ್ದಿತ್ತು. ನಾನು ನೋಡ್ಲಿಲ್ಲ."

ಲಿಫ್ಟಪ್ಪ ನಕ್ಕುಬಿಟ್ಟ. ದೊಡ್ಡವರ ವಿನಯ ಎಂದುಕೊಂಡ. ಆಕೆ ಚೀಲದಿಂದ ಹನ್ನೊಂದು ವರ್ಷದ ಹಿಂದಿನ ಹಾಳೆ ತೆಗೆದು ಆತನ ಕೈಗಿಟ್ಟು, ಅದನ್ನು ಕದ್ದು ಇಟ್ಟುಕೊಂಡದ್ದನ್ನೂ ಹೇಳಿದಳು. ಆತನ ನಗು ನಿಂತಿತು. ನಿಮ್ಮ ಕಣ್ಣಿಂದ ಅದು ಹೇಗೆ ತಪ್ಪಿಸಿಕೊಂಡೀತು ಎಂದು ಕೇಳಿದ. ಇಷ್ಟು ವರ್ಷ ತನಗೆ ತಾನೇ ಹೇಳಿಕೊಳ್ಳದ ಮಾತು ಆಗ ಆಕೆಯ ಬಾಯಿಂದ ಹೊರಬಂತು.

"ನಾನು ಯಾವಾಗ್ಲೂ ಕೆಳಗಿಂದ ಓದೋಳು. ಆ ಕಥೆನೂ ಹಾಗೇ ಶುರುಮಾಡೋಣ ಅಂತ ಕೊನೆ ಪುಟಕ್ಕೆ ತಿರುವ್ತಾ ಇದ್ದೆ. ನಡುವೆ ಆ ಬ್ಯಾಟರಿ ವಿಷಯ ಕಣ್ಣಿಗೆ ಬಿತ್ತು. ಏನಿದು ಅಂತ ಮೇಲಕ್ಕೆ ಹೋಗಿ ಮೊದಲಿಂದ ಓದ್ದೆ. ಅವನು ಬಾಗಿಲು ಮುಟ್ತಾನೋ ಇಲ್ವೋ ಅಂತ ಜೀವ ಬಾಯಿಗೆ ಬಂದಿತ್ತು. ಕಾಲು ಇದ್ಯೋ, ಕಾಲ ಇದ್ಯೋ ಯಾರು ನೋಡ್ತಾರೆ? ಅವತ್ತು ನಾನು ತಿದ್ತಾ ಇರ್ಲಿಲ್ಲ. ಓದ್ತಾ ಇದ್ದೆ."

ಲಿಫ್ಟಪ್ಪ ಹಾಳೆಯನ್ನೇ ನೋಡುತ್ತ ನಿಂತಿದ್ದ.

"ಹಾಗಾದ್ರೆ ಆ ವಾಕ್ಯ ಬರೆದಿದ್ದು ಯಾರು?"

"ಯಾರೂ ಅಲ್ಲ."

ಆಮೇಲೆ ಪೆಟ್ಟಿಗೆಯ ಮೇಲೆ ಆತನೇ ಕುಳಿತ. ಪತ್ರಿಕೆಯಲ್ಲಿ ಮೊದಲು ಆ ವಾಕ್ಯ ನೋಡಿದಾಗ ಸಿಟ್ಟು ನೆತ್ತಿಗೇರಿ ಸಂಪಾದಕರಿಗೆ ಪತ್ರ ಬರೆದಿದ್ದನಂತೆ. ಅಂಚೆಗೆ ಹಾಕುವ ಮುಂಚೆ ಹೊಗಳಿಕೆಗಳು ಬರತೊಡಗಿ, ಪತ್ರ ಹರಿದುಹಾಕಿದನಂತೆ. ಭಾಷೆ ಬಲ್ಲವರು ಮಾಡಿದ್ದಾರೆ, ನಟ್ಟು ಬೋಲ್ಟಿನವನು ನಾನು, ನನಗೇನು ತಿಳಿಯುತ್ತದೆ ಎಂದು ಸುಮ್ಮನಾದನಂತೆ.

"ನಾನು ಅವನನ್ನ ಸಾಯಿಸಿರ್ಲಿಲ್ಲ ಮೇಡಂ. ನಿಂತಿದ್ದು ಕಾಲು. ಮೂರೇ ಹೆಜ್ಜೆ, ತೆವಳ್ಕೊಂಡು ಒಳಗೆ ಹೋಗ್ತಾನೆ. ಜನ ಸತ್ತ ಅಂತ ಹೊಗಳಿದ್ರು, ನಾನೂ ಸತ್ತ ಅಂತ ಒಪ್ಕೊಂಡೆ. ಹನ್ನೊಂದು ವರ್ಷದಿಂದ ಅವನು ಬಾಗಿಲ ಹೊರಗೇ ಬಿದ್ದಿದ್ದಾನೆ."

ಪುಸ್ತಕದಲ್ಲಿ ಕೊಂಬನ್ನು ಮತ್ತೆ ಅದರ ಜಾಗಕ್ಕೆ ಸೇರಿಸುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಮುನ್ನುಡಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ ಎಂದ ಲಿಫ್ಟಪ್ಪ. ಅಷ್ಟು ಹೊತ್ತು ಗಟ್ಟಿಯಾಗಿ ಮಾತಾಡಿದ್ದವಳು ಆಗ ಹಿಂಜರಿದಳು. ಆ ನಾಲ್ಕು ವಾಕ್ಯ ತೆಗೆದರೆ ಸಾಕು, ಬೇರೇನೂ ಬೇಡ, ನಿವೃತ್ತಿಗೆ ಇನ್ನು ಕೆಲವೇ ತಿಂಗಳಿದೆ ಎಂದಳು. ಆತನಿಗೆ ಮುಂದೆ ಹೇಳಬೇಕಾಗಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದು, ನಿಜವಾಗಲೂ ಮೇಲಿನಿಂದ ಓದಿದಿರಾ ಎಂದು ಮತ್ತೊಮ್ಮೆ ಕೇಳಿದ. ಹೂಂ ಎಂದಳು. ಲಿಫ್ಟಪ್ಪನ ಮುಖ ಅರಳಿದ್ದನ್ನು ಆಕೆ ಅಂದೇ ಮೊದಲು ನೋಡಿದ್ದು.

ಪುಸ್ತಕ ಬಂತು. ಎರಡನೆಯ ಪುಟದಲ್ಲಿ ಆಕೆಯ ಹೆಸರು ಬಂತು. ಕೊನೆಯ ವಾಕ್ಯದಲ್ಲಿ ಕೊಂಬೂ ಬಂತು. "ಕಾಲ ನಿಂತಿತು" ಎಂದು ಹೊಗಳಿದ ಹಳೆಯ ಪತ್ರಗಳನ್ನು ಆಕೆಯೇ ಹಿಂಬದಿಯ ಅಭಿಪ್ರಾಯಗಳಿಂದ ಕೈಬಿಟ್ಟಿದ್ದಳು. ಹದಿನೈದು ದಿನದೊಳಗೆ ಓದುಗರ ಪತ್ರಗಳ ಚೀಲದಲ್ಲಿ ಹೆಡ್‌ಮಾಸ್ಟರ ಲಕೋಟೆ ಸಿಕ್ಕಿತು. ಸಂಖ್ಯೆಗಳು ಮರಳಿ ಬಂದಿದ್ದವು. ಒಂದು, ತಮ್ಮ ನಾಲ್ಕು ಪುಟದ ಅಭಿಪ್ರಾಯವನ್ನು ಕೈಬಿಡಲಾಗಿದೆ. ಎರಡು, ನಮ್ಮ ಕಾಲದ ಒಂದು ಶ್ರೇಷ್ಠ ಕಥೆಯ ಪ್ರಾಣದಂತಿದ್ದ ಕೊನೆಯ ವಾಕ್ಯವನ್ನು ಹಾಸ್ಯಾಸ್ಪದ ಅಚ್ಚಿನ ತಪ್ಪೊಂದು ಕೊಂದುಹಾಕಿದೆ. ಮೂರು, ಕಾಲಕ್ಕೂ ಕಾಲಿಗೂ ವ್ಯತ್ಯಾಸ ತಿಳಿಯದವರ ಹೆಸರನ್ನು ಪುಸ್ತಕದಲ್ಲಿ ಅಚ್ಚು ಹಾಕಿ ಗೌರವಿಸಿರುವುದು ನಾಚಿಕೆಗೇಡು. ಲೇಖಕರಿಗೆ ಒಂಬತ್ತು, ಕರಡು ತಿದ್ದಿದವರಿಗೆ ಸೊನ್ನೆ.

ಜೀವಮಾನದಲ್ಲಿ ಮೊದಲ ಬಾರಿ ಆಕೆಯ ಹೆಸರೆತ್ತಿ ಒಬ್ಬ ಓದುಗ ಬರೆದ ಪತ್ರ ಅದು. ಸರಿಯಾಗಿ ಅಚ್ಚಾದ ಒಂದು ಅಕ್ಷರಕ್ಕಾಗಿ ಬಿದ್ದ ಬೈಗುಳ. ಆಕೆಗೆ ಉರಿಯಿತು. ಸಂಪಾದಕರು ಓದಿ, ಇದನ್ನು ಕಸದ ಬುಟ್ಟಿಗೆ ಹಾಕಿ, ನಿಮ್ಮ ಕೊನೆಯ ಸಂಚಿಕೆಯಲ್ಲಿ ಇದೆಲ್ಲ ಯಾಕೆ ಎಂದರು. ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಹೆಡ್‌ಮಾಸ್ಟರು ಹನ್ನೊಂದು ವರ್ಷದಿಂದ ಒಬ್ಬನನ್ನು ಸತ್ತನೆಂದು ನಂಬಿ ಕೂತಿದ್ದಾರೆ, ಹಾಗೆ ನಂಬಿಸಿದವಳು ತಾನು ಎಂಬುದು ಬುಟ್ಟಿಗೆ ಹೋಗುವಂಥ ವಿಷಯವಾಗಿರಲಿಲ್ಲ. ಆಕೆ ಪತ್ರದಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ, ಒಂದು ಮಾತನ್ನೂ ಬಿಡದೆ ಅದನ್ನು ಓದುಗರ ಅಂಕಣದ ಮೊದಲಿಗೆ ಇಟ್ಟಳು. ಅದರ ಕೆಳಗೆ ಸೇರಿಸಲು ಇನ್ನೊಂದು ಚೀಟಿ ಬರೆದು ಸಂಪಾದಕರ ಮುಂದಿಟ್ಟಳು.

ಅವರು ಓದಿ ಕನ್ನಡಕ ತೆಗೆದರು. "ಮೂವತ್ತೆರಡು ವರ್ಷದಲ್ಲಿ ನಿಮ್ಮದು ಅಂತ ಒಂದು ತಿದ್ದುಪಡಿಯೂ ಬಂದಿಲ್ಲ. ಇನ್ನು ಒಂಬತ್ತು ದಿನ ಇದೆ. ಇದು ಬೇಕಾ?"

"ಬೇಕು" ಎಂದಳು.

ಆ ತಿಂಗಳ ಸಂಚಿಕೆಯಲ್ಲಿ, ಹೆಡ್‌ಮಾಸ್ಟರು ಕೊಟ್ಟ ಸೊನ್ನೆಯ ಕೆಳಗೆ, ಆಕೆಯ ಪೂರ್ತಿ ಹೆಸರಿನೊಂದಿಗೆ ಅದು ಹೀಗೆ ಅಚ್ಚಾಯಿತು:

"ತಿದ್ದುಪಡಿ: ಪುಸ್ತಕದಲ್ಲಿರುವುದು ಸರಿ. ತಪ್ಪಾದದ್ದು ಹನ್ನೊಂದು ವರ್ಷದ ಹಿಂದೆ, ಈ ಪತ್ರಿಕೆಯಲ್ಲಿ. ಕರಡು ನೋಡಬೇಕಾದವಳು ಕಥೆಯಲ್ಲಿ ಮುಳುಗಿಹೋಗಿದ್ದೆ, ತಪ್ಪು ನನ್ನದು. ಲೇಖಕರು ಬರೆದದ್ದು ಕಾಲು. ಆ ಮನುಷ್ಯ ಬದುಕಿದ್ದಾನೆ."